ಚಿಕವೀರ ರಾಜೇಂದ್ರನನ್ನು ಹಾಡಿಸಬೇಕು, ಆದರೆ ದುಡ್ಡು ಹಾಕೋರು ಯಾರು?

ರಂಗಮಂಜು, ಮಡಿಕೇರಿ
ಎಲ್ಲರಿಗೂ ನಮಸ್ಕಾರ. ನಾವು ಮಡಿಕೇರಿ, ವಿರಾಜಪೇಟೆ ಕಡೆಯ ಹವ್ಯಾಸಿ ನಾಟಕದವರು. ಬ್ಯಾಂಕು, ಶಾಲೆ, ತೋಟದ ಕೆಲಸ ಮುಗಿಸಿ ಸಂಜೆ ಸೇರುವ ಗುಂಪು. ಕೊಡಗಿನ ಕೊನೆಯ ರಾಜನ ಮೇಲೆ ಮಾಸ್ತಿಯವರು ಬರೆದ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ಸಂಗೀತ ನಾಟಕ ಮಾಡಬೇಕು ಅಂತ ಹೊರಟಿದ್ದೇವೆ. ಮಾತಿನ ನಾಟಕಕ್ಕೆ ನಾಲ್ಕು ಹಾಡು ಸೇರಿಸೋದಲ್ಲ. ಕಥೆಯೇ ಹಾಡಿನಲ್ಲಿ ನಡೀಬೇಕು. ರಾಜನಿಗೊಂದು ಧಾಟಿ, ಅವನ ಬಂಟ ಕುಂಟ ಬಸವನಿಗೊಂದು, ರಾಣಿ ಗೌರಮ್ಮನಿಗೊಂದು. ಮಂತ್ರಿಗಳಾದ ಬೋಪಣ್ಣನೂ ಲಕ್ಷ್ಮೀನಾರಾಯಣಯ್ಯನೂ ರಾಜ್ಯದ ಚಿಂತೆ ಹಾಡುವಾಗ ಹಿಂದಿನಿಂದ ಈಸ್ಟ್ ಇಂಡಿಯಾ ಕಂಪನಿ ಪಟಾಲಮ್ಮಿನ ಡ್ರಮ್ಮು ಮೆಲ್ಲಗೆ ಕೇಳಿಸಬೇಕು.

ಕಾದಂಬರಿ 1956ರದ್ದು. 1983ರ ಜ್ಞಾನಪೀಠ ಬಂದ ಮೇಲೆ ಓದದವರೂ ಅದರ ಹೆಸರು ಬಲ್ಲರು. ಕಥೆ ನಡೆದದ್ದು ನಮ್ಮೂರಲ್ಲೇ. ಹಾಗಾಗಿ ಇಲ್ಲಿನವರೇ ಹಾಡಿ ತೋರಿಸಬೇಕು ಅನ್ನೋ ಆಸೆ.

ತೊಂದರೆ ಹಣದ್ದು. ನಟರು, ಸಂಗೀತದವರು, ಕಾಲರ್ ಮೈಕು, ಬಟ್ಟೆ, ಲೈಟು, ಲಾರಿ, ಊಟ ಎಲ್ಲ ಸೇರಿ ಆರು ಊರಲ್ಲಿ ಟಿಕೆಟ್ ಇಟ್ಟು ಆಡುವ ಆರು ಪ್ರದರ್ಶನಕ್ಕೆ 14 ಲಕ್ಷ ಅಂತ ಅಂದಾಜು ಹಾಕಿದ್ದೇವೆ. ಒಬ್ಬ ಪ್ಲಾಂಟರ್ ಹತ್ತಿರ ಹೋದೆವು. "ಹಾಕಿದ್ದು ಯಾವಾಗ ವಾಪಸ್ ಬರುತ್ತೆ?" ಅಂದರು. ಇನ್ನೊಬ್ಬರು "ಮೊಮ್ಮಗಳಿಗೆ ಪಾರ್ಟು ಇದೆಯಾ?" ಅಂದರು. ಮೂರನೆಯವರು ಕಾಫಿ ಕೊಟ್ಟು ಕಳಿಸಿದರು. ಹಣ ಹಾಕೋರನ್ನು ಹುಡುಕೋದು ಹೇಗೆ? ಸಿಕ್ಕರೆ ಅವರಿಗೆ ಏನಂತ ಹೇಳೋದು?

ಕಾಫಿಹೂ
ಆಹಾ! ಟಿಕೆಟ್ ಎಲ್ಲಿ ಸಿಗುತ್ತೆ ಹೇಳಿ ಮೊದಲು.

ಕರಿಕೋಟು, ಪೊನ್ನಂಪೇಟೆ
ಟಿಕೆಟ್ ಆಮೇಲೆ. ರಂಗಮಂಜು ಅವರೇ, ಕಾದಂಬರಿಯ ಕಾಪಿರೈಟ್ ಹಕ್ಕು ತಗೊಂಡಿದ್ದೀರಾ? ನಿಮ್ಮ ಪೋಸ್ಟಿನಲ್ಲಿ ಆ ಮಾತೇ ಇಲ್ಲ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತೆ, ಅದೂ ಮುಂದಿನ ಜನವರಿಯಿಂದ ಲೆಕ್ಕ. ಅಂದರೆ 2046ರ ಕೊನೆವರೆಗೆ. ಕಾದಂಬರಿಯನ್ನು ನಾಟಕ ಮಾಡೋದಕ್ಕೆ ವಾರಸುದಾರರ ಬರಹದ ಒಪ್ಪಿಗೆ ಬೇಕೇ ಬೇಕು. ಅದಿಲ್ಲದೆ ಹಣ ಕೇಳೋಕೆ ಹೋದರೆ ಬುದ್ಧಿ ಇರುವ ಯಾರೂ ಕೊಡಲ್ಲ.

ಸುಂಟಿಕೊಪ್ಪದವ
ಕರಿಕೋಟು ಸರ್, ಹವ್ಯಾಸಿಗಳಿಗೆ ವಿನಾಯಿತಿ ಇದೆ ಅಲ್ವಾ? ಟಿಕೆಟ್ ಇಲ್ಲದೆ ಆಡಿದರೆ ಯಾರನ್ನೂ ಕೇಳಬೇಕಿಲ್ಲ ಅಂತ ನಮ್ಮ ಕಾಲೇಜಿನಲ್ಲಿ ಹೇಳ್ತಿದ್ರು.

ಕರಿಕೋಟು, ಪೊನ್ನಂಪೇಟೆ
ಇದೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್. ಹವ್ಯಾಸಿ ಸಂಘ ದುಡ್ಡು ತಗೊಳ್ಳದೆ ತೋರಿಸಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ತೊಂದರೆ ಇಲ್ಲ. ಆದರೆ ಅದು ಇರುವ ಕೃತಿಯನ್ನು ಪ್ರದರ್ಶನ ಮಾಡೋದಕ್ಕೆ. ಕಾದಂಬರಿ ಒಡೆದು ಹೊಸ ನಾಟಕ ಕಟ್ಟೋದು ಬೇರೆ ಹಕ್ಕು. ಅಲ್ಲದೆ ಇವರು ಆರು ಊರಲ್ಲಿ ಟಿಕೆಟ್ ಹಾಕಿ ಆಡ್ತೀವಿ ಅಂತಿದ್ದಾರೆ. ಆ ಬಾಗಿಲು ಇವರಿಗೆ ತೆರೆಯಲ್ಲ.

ಸುಂಟಿಕೊಪ್ಪದವ
ಹಾಗಿದ್ರೆ ನಮ್ಮ ಕಥೆಗಾರ್ತಿ ಕೊಡಗಿನ ಗೌರಮ್ಮನ ಕಥೆ ಮಾಡಿ. 1939ರಲ್ಲೇ ಹೋದವರು. ಹಕ್ಕಿನ ತಲೆನೋವೇ ಇಲ್ಲ. ಗಾಂಧೀಜಿ ಕೊಡಗಿಗೆ ಬಂದಾಗ ಒಡವೆ ಬಿಚ್ಚಿ ಕೊಟ್ಟ ಹೆಣ್ಣುಮಗಳು, ಅವರ ಬದುಕೇ ಒಂದು ನಾಟಕ.

ರಂಗಮಂಜು, ಮಡಿಕೇರಿ
ಒಳ್ಳೆ ಸಲಹೆ. ಆದರೆ ಅವರು ಬರೆದದ್ದು ಸಣ್ಣಕಥೆಗಳು, ನಮಗೆ ಇಡೀ ಸಂಜೆ ಎಳೆಯುವ ಕಥೆ ಬೇಕು. ಹಕ್ಕಿನ ವಿಷಯ ಕೇಳಿ ಸ್ವಲ್ಪ ಬೆವರು ಬಂತು. ಪತ್ರ ಬರೀತೀವಿ.

ಹಾರ್ಮೋನಿಯಂ ಅಜ್ಜ
ಮಗೂ, ಹಣದ ಮಾತು ಆಮೇಲೆ ಆಡೋಣ. ಹಾಡು ಎಲ್ಲಿ? ನಿಮ್ಮ ಪೋಸ್ಟಿನಲ್ಲಿ ಮೈಕಿನ ಲೆಕ್ಕ ಇದೆ, ಲಾರಿ ಲೆಕ್ಕ ಇದೆ. ಹಾಡು ಬರೆಯೋರು ಯಾರು, ರಾಗ ಕೂರಿಸೋರು ಯಾರು ಅಂತಿಲ್ಲ.

ಗುಬ್ಬಿ ಕಂಪನಿ ಕಾಲದಲ್ಲಿ ಜನ ಹಾಡಿಗೇ ಬರುತ್ತಿದ್ದರು. ಒಂದು ಕಂದಪದ್ಯ ಸರಿಯಾಗಿ ಏರಿದರೆ 'ಒನ್ಸ್ ಮೋರ್' ಕೂಗು. ಸತ್ತು ಬಿದ್ದ ಪಾತ್ರ ಎದ್ದು ಕೂತು ಮತ್ತೆ ಹಾಡಿ ಮತ್ತೆ ಸಾಯಬೇಕಿತ್ತು. ಆಮೇಲೆ ಬಿ.ವಿ. ಕಾರಂತರು ಬಂದರು. ಅವರ ಹಾಡು ಕಥೆಯನ್ನು ನಿಲ್ಲಿಸುತ್ತಿರಲಿಲ್ಲ, ಮುಂದಕ್ಕೆ ನೂಕುತ್ತಿತ್ತು. ಕೈಗೆ ಸಿಕ್ಕಿದ ಸಾಮಾನಿನಿಂದ ಸದ್ದು ಹುಟ್ಟಿಸೋರು. ನೀವು ಹೇಳಿದ ಕಥೆಯೇ ಹಾಡಿನಲ್ಲಿ ನಡೆಯೋದು ಅನ್ನೋದು ಕಾರಂತರ ದಾರಿಗೆ ಹತ್ತಿರ. ಆ ದಾರಿಗೆ 25 ಕಾಲರ್ ಮೈಕು ಬೇಡ, 25 ಗಟ್ಟಿ ಗಂಟಲು ಬೇಕು.

ಇನ್ನೊಂದು. ಮಳೆಗಾಲದಲ್ಲಿ ಮಾತ್ರ ಇಡಬೇಡಿ. ನಾನು ಜುಲೈನಲ್ಲಿ ಒಂದು ಜಿಂಕ್ ಶೀಟಿನ ಸಭಾಂಗಣದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಬಾರಿಸಿದ್ದೇನೆ. ಮಳೆ ಹೊಡೆಯೋಕೆ ಶುರುವಾದ ಮೇಲೆ ನನ್ನ ಬೆರಳ ಕೆಳಗಿನ ಸ್ವರ ನನಗೇ ಕೇಳಿಸಲಿಲ್ಲ. ನಾಯಕಿ ಬಾಯಿ ಆಡಿಸ್ತಾ ಇದ್ದಳು, ನಾನು ಅವಳ ತುಟಿ ನೋಡಿಕೊಂಡು ಬಾರಿಸಿದೆ. ಮುಂದಿನ ಸಾಲಿನವರು ಕೊಡೆ ಬಿಚ್ಚಿದ್ದರು, ಒಳಗೇ.

ಮುಗಿಲುಪೇಟೆ
ಅಜ್ಜ 😂😂 ಒಳಗೇ ಕೊಡೆ! ಇದನ್ನೇ ನಾಟಕ ಮಾಡಿ.

ಬೆಂಗಳೂರಲ್ಲಿರೋ ಕೊಡಗು ಹುಡುಗ
ನಾನು ಈ ಕ್ಷೇತ್ರದ ಹುಚ್ಚ, ಅದಕ್ಕೆ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಕಾದಂಬರಿಯಿಂದ ಮ್ಯೂಸಿಕಲ್ ಅಂದರೆ ಎಲ್ಲರೂ ಹೇಳೋದು 'ಲೆ ಮಿಸರಾಬ್ಲ್'. ವಿಕ್ಟರ್ ಹ್ಯೂಗೋ ಬರೆದದ್ದು 1862ರಲ್ಲಿ, ಸಾವಿರಕ್ಕೂ ಹೆಚ್ಚು ಪುಟ. ಇಂಥದ್ದನ್ನು ಹಾಡಿಸಿದವರು ಮೊದಲು ಮಾಡಿದ್ದು ನಾಟಕ ಅಲ್ಲ, ಆಲ್ಬಂ. 1980ರಲ್ಲಿ ಫ್ರೆಂಚ್ ಹಾಡುಗಳು ರೆಕಾರ್ಡ್ ತಟ್ಟೆಯಾಗಿ ಬಂದವು, ಅದೇ ವರ್ಷ ಪ್ಯಾರಿಸ್ಸಿನ ಒಂದು ಕ್ರೀಡಾಂಗಣದಲ್ಲಿ ಆಡಿದರು. ಆ ಆಲ್ಬಂ ಲಂಡನ್ನಿನ ನಿರ್ಮಾಪಕರ ಕಿವಿಗೆ ಬಿತ್ತು. ಲಂಡನ್ನಿನಲ್ಲಿ ತೆರೆ ಏಳೋ ಹೊತ್ತಿಗೆ 1985. ಪತ್ರಿಕೆಯವರು ಚೆನ್ನಾಗಿಲ್ಲ ಅಂತ ಬರೆದರು. ಜನ ಮಾತ್ರ ಟಿಕೆಟ್‌ಗೆ ಸಾಲು ನಿಂತರು.

ನಾನು ಹೇಳೋದು ಇಷ್ಟೇ. ಹಣ ಹಾಕೋನಿಗೆ ಲೆಕ್ಕದ ಹಾಳೆ ತೋರಿಸಿದರೆ ಅವನು ಲೆಕ್ಕವನ್ನೇ ಕೇಳ್ತಾನೆ. ಮೂರು ಹಾಡು ಕೇಳಿಸಿದರೆ ಆ ಮಾತೇ ಬೇರೆ. ಅಜ್ಜ ಹೇಳಿದ್ದು ಸರಿ. ಮೂರು ಹಾಡು ಕಟ್ಟಿ, ಒಂದು ಮನೆಯ ಜಗಲಿಯಲ್ಲಿ ಇಪ್ಪತ್ತು ಜನರನ್ನು ಕೂರಿಸಿ ಹಾಡಿ. ಹೊರಗಡೆ ದೇಶಗಳಲ್ಲೂ ನಿರ್ಮಾಪಕರು ಇದನ್ನೇ ಮಾಡ್ತಾರೆ.

ತೋಟದಾಚೆ, ಸಿದ್ದಾಪುರ
ಲಂಡನ್ ಕಥೆ ಲಂಡನ್ನಿಗೆ. ಅಲ್ಲಿ ವರ್ಷಗಟ್ಟಲೆ ಒಂದೇ ನಾಟಕ ಓಡುತ್ತೆ, ಹಾಕಿದ್ದು ವಾಪಸ್ ಬರುತ್ತೆ. ಇಲ್ಲಿ ವಿರಾಜಪೇಟೆಯಲ್ಲಿ ಎರಡನೇ ದಿನ ಯಾರು ಬರ್ತಾರೆ ಸ್ವಾಮಿ?

ಬೆಂಗಳೂರಲ್ಲಿರೋ ಕೊಡಗು ಹುಡುಗ
ಕನ್ನಡದ್ದೇ ಬೇಕಾ? ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 2010ರಲ್ಲಿ ಮೈಸೂರು ರಂಗಾಯಣದಲ್ಲಿ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ ನಡೀತು. ಸಿ. ಬಸವಲಿಂಗಯ್ಯ ನಿರ್ದೇಶನ, ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಹಂಸಲೇಖ ಸಂಗೀತ. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದು ಹೋಗಿ ಕೂತು ನೋಡಿದರು. ಆಮೇಲೆ ಬೆಂಗಳೂರಿನಲ್ಲೂ ಜನ ಕಂಬಳಿ ಹೊದ್ದು ನೋಡಿದ್ದಾರೆ.

ತೋಟದಾಚೆ, ಸಿದ್ದಾಪುರ
ರಂಗಾಯಣಕ್ಕೆ ಸರ್ಕಾರ ಇದೆ, ಸಂಬಳದ ಕಲಾವಿದರಿದ್ದಾರೆ. ಇವರಿಗೆ ಏನಿದೆ? ಸಂಜೆ ಐದರ ಮೇಲೆ ಬಿಡುವಿರೋ ಕ್ಯಾಶಿಯರ್.

ರಂಗಮಂಜು, ಮಡಿಕೇರಿ
ಆ ಕ್ಯಾಶಿಯರ್ ನಾನೇ. 🙂

ನಾಡಮಂದ್
ಯಾರೂ ಕೇಳದ ಪ್ರಶ್ನೆ ನಾನು ಕೇಳ್ತೀನಿ. ಈ ಕಥೆಯಲ್ಲಿ ನಮ್ಮ ರಾಜ ಕ್ರೂರಿ, ಮಂತ್ರಿ ಕಂಪನಿ ಕಡೆ ವಾಲಿದವನು. ಇದನ್ನು ಕೊಡಗಿನಲ್ಲೇ ಹಾಡಿ ಕುಣಿದು ತೋರಿಸ್ತೀರಾ? ರಾಜ ಕೆಟ್ಟವನು ಅಂತ ಬರೆದಿಟ್ಟವರಲ್ಲಿ ಕಂಪನಿಯವರೇ ಮುಂದೆ. ರಾಜ್ಯ ಕಿತ್ತುಕೊಳ್ಳೋಕೆ ಅವರಿಗೊಂದು ನೆಪ ಬೇಕಿತ್ತಲ್ಲ. 1834ರಲ್ಲಿ ಕಿತ್ತುಕೊಂಡರು, ರಾಜನನ್ನು ಕಾಶಿಗೆ ಕಳಿಸಿದರು, ಅಲ್ಲೇ ಸತ್ತ. ಈ ನೋವು ನಿಮ್ಮ ಹಾಡಿನಲ್ಲಿ ಬರುತ್ತಾ?

ಗದ್ದಿಗೆ ಬೀದಿ
ಕಾಶಿಯಲ್ಲಿ ಸತ್ತದ್ದಲ್ಲ. ಅಲ್ಲಿಂದ 1852ರಲ್ಲಿ ಮಗಳು ಗೌರಮ್ಮನನ್ನು ಕರಕೊಂಡು ಲಂಡನ್ನಿಗೆ ಹೋದ. ಕಂಪನಿ ಇಟ್ಟುಕೊಂಡ ತನ್ನ ಹಣ ವಾಪಸ್ ಬೇಕು ಅಂತ ಅಲ್ಲಿ ಕೇಸು ಹಾಕಿದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಗಳು ಅದೇ 1852ರಲ್ಲಿ ಕ್ರಿಸ್ತ ಧರ್ಮಕ್ಕೆ ಸೇರಿದಳು, ಧರ್ಮತಾಯಿಯಾಗಿ ನಿಂತದ್ದು ವಿಕ್ಟೋರಿಯಾ ರಾಣಿ. 1864ರಲ್ಲಿ ಅವಳೂ ಹೋದಳು, ಇನ್ನೂ ಚಿಕ್ಕ ವಯಸ್ಸು.

ಮುಗಿಲುಪೇಟೆ
ಹಣ ಕೇಳಿಕೊಂಡು ಅಲೆಯೋದು ರಾಜನಿಗೇ ತಪ್ಪಿಲ್ಲ, ರಂಗಮಂಜು ಅವರೇ ಧೈರ್ಯವಾಗಿರಿ.

ನಾಡಮಂದ್
ಗದ್ದಿಗೆ ಬೀದಿ, ತಿದ್ದಿದ್ದಕ್ಕೆ ಸಂತೋಷ. ಆದರೆ ನನ್ನ ಪ್ರಶ್ನೆ ಹಾಗೇ ಇದೆ.

ರಂಗಮಂಜು, ಮಡಿಕೇರಿ
ನಾಡಮಂದ್ ಅವರೇ, ಇದೇ ಪ್ರಶ್ನೆ ನಮ್ಮಲ್ಲೂ ಜಗಳ ಹಚ್ಚಿದೆ. ನನ್ನ ಅಭಿಪ್ರಾಯ ಹೇಳ್ತೀನಿ. ರಾಜನನ್ನು ಖಳ ಅಂತ ನಿಲ್ಲಿಸಿದರೆ ಹಾಡೇ ಹುಟ್ಟಲ್ಲ. ಖಳನಿಗೆ ಅಟ್ಟಹಾಸ ಸಾಕು. ತಂಗಿ ದೇವಮ್ಮಾಜಿ ಗಂಡನ ಜೊತೆ ರಾತ್ರೋರಾತ್ರಿ ಮೈಸೂರು ಕಡೆ ಓಡುವ ಭಾಗವನ್ನು ನಾವು ಪ್ರಯತ್ನಕ್ಕೆ ಕಟ್ಟಿ ನೋಡಿದೆವು. ಲೈಟೆಲ್ಲ ಆರಿಸಿ ಒಂದೇ ಲಾಂದ್ರ. ಅದನ್ನು ಹಿಡಿದವಳು ಹಾಡಲ್ಲ, ಬರೀ ನಡೀತಾಳೆ. ಪಕ್ಕದಲ್ಲಿ ದುಡಿ ಅನ್ನೋ ನಮ್ಮ ಪುಟ್ಟ ಚರ್ಮವಾದ್ಯ ಮಾತ್ರ, ನಡಿಗೆಯ ಲಯಕ್ಕೆ. ಅವಳು ನಿಂತರೆ ದುಡಿ ನಿಲ್ಲುತ್ತೆ. ಆಗ ಅರಮನೆ ಕಡೆಯಿಂದ ರಾಜನ ಹಾಡು ಶುರು. ಸಿಟ್ಟಿನ ಹಾಡಲ್ಲ, ತಂಗಿಯನ್ನು ಕೂಗುವ ಹಾಡು. ಕೇಳಿದವರಿಗೆ ಅವನ ಮೇಲೆ ಭಯವೂ ಆಯ್ತು, ಪಾಪವೂ ಅನಿಸ್ತು.

ನಾಡಮಂದ್
ಹಾಗೆ ಮಾಡ್ತೀರಾದ್ರೆ ನಾನು ಬರ್ತೀನಿ. ಒಪ್ಪಿದೆ ಅಂತಲ್ಲ, ನೋಡಿ ಆಮೇಲೆ ಬೈತೀನಿ.

ದುಡಿಕೊಟ್ಟ್, ನಾಪೋಕ್ಲು
ಈಗ ನನ್ನ ಸರದಿ. ದುಡಿ ಅಂದ್ರಲ್ಲ. ಬಾಳೋ ಪಾಟ್, ಅಂದರೆ ಕೊಡವರ ಜನಪದ ಹಾಡು, ಅದನ್ನು ಬಿಟ್ಟು ಕೊಡಗಿನ ಸಂಗೀತ ನಾಟಕ ಮಾಡೋಕೆ ಆಗಲ್ಲ. ನಾಲ್ಕು ಜನ ದುಡಿ ಬಾರಿಸ್ತಾ ಹಾಡ್ತಾರೆ. ಇಬ್ಬರು ಒಂದು ಸಾಲು ಬಿಟ್ಟರೆ ಇನ್ನಿಬ್ಬರು ಎತ್ತಿಕೊಳ್ತಾರೆ. ಕಥೆ ಹೇಳೋಕೆ ಇದಕ್ಕಿಂತ ಒಳ್ಳೆ ಮೇಳ ಎಲ್ಲಿದೆ? ಇಂಥ ಹಾಡುಗಳನ್ನು ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪ ಅವರ 'ಪಟ್ಟೋಲೆ ಪಳಮೆ' 1924ರಲ್ಲಿ ಅಚ್ಚಾದದ್ದು. ಚಿಣ್ಣಪ್ಪ ಅವರು ಹೋದದ್ದು 1931ರಲ್ಲಿ. ಕರಿಕೋಟು ಸರ್, ಅದರ ಹಕ್ಕು ಮುಗಿದಿದೆ ಅಲ್ವಾ?

ಕರಿಕೋಟು, ಪೊನ್ನಂಪೇಟೆ
ಮುಗಿದಿದೆ. ಹಾಡಿನ ಸಾಹಿತ್ಯ ಧಾರಾಳವಾಗಿ ಬಳಸಬಹುದು. ಈಚೆಗೆ ಯಾರಾದರೂ ಮಾಡಿದ ಅನುವಾದವನ್ನೋ ಧ್ವನಿಮುದ್ರಣವನ್ನೋ ಎತ್ತಬೇಡಿ, ಅದರ ಹಕ್ಕು ಬೇರೆ.

ದುಡಿಕೊಟ್ಟ್, ನಾಪೋಕ್ಲು
ಹರದಾಸ ಅಪ್ಪಚ್ಚ ಕವಿಗಳನ್ನೂ ಮರೀಬೇಡಿ. ಕೊಡವ ತಕ್ಕ್‌ನಲ್ಲಿ ಹಾಡು ತುಂಬಿದ ನಾಟಕ ಬರೆದವರು, 'ಯಯಾತಿ', 'ಸಾವಿತ್ರಿ', 'ಸುಬ್ರಹ್ಮಣ್ಯ', 'ಕಾವೇರಿ'. 1944ರಲ್ಲಿ ಹೋದರು. ಕೊಡಗಿನಲ್ಲಿ ಸಂಗೀತ ನಾಟಕ ಹೊಸದು ಅಂತ ಯಾರೂ ಭಾಷಣ ಮಾಡಬೇಡಿ.

ಅರೆಭಾಷೆ ಅಕ್ಕ
ಹಾಗಾದರೆ ನಾಟಕ ಯಾವ ಭಾಷೆಯಲ್ಲಿ? ಕೊಡವ ತಕ್ಕ್ ಮಾತ್ರ ಹಾಕಿದರೆ ನಮ್ಮ ಅರೆಭಾಷೆ ಗೌಡರು ಸುಮ್ನೆ ಇರಲ್ಲ ನೋಡಿ. 1837ರಲ್ಲಿ ಕಂಪನಿ ವಿರುದ್ಧ ಎದ್ದು ಸುಳ್ಯ, ಮಂಗಳೂರಿನವರೆಗೆ ಹೋದವರಲ್ಲಿ ನಮ್ಮವರು ಎಷ್ಟು ಜನ! ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆ ಮಡಿಕೇರಿಯಲ್ಲೇ ಇದೆ.

ರಂಗಮಂಜು, ಮಡಿಕೇರಿ
ಅಕ್ಕ, ಮಾತು ಕನ್ನಡ. ಮೇಳದ ಹಾಡುಗಳಲ್ಲಿ ಕೊಡವ ತಕ್ಕ್, ಅರೆಭಾಷೆ ಎರಡೂ. ನಮ್ಮ ಕಥೆ 1834ಕ್ಕೆ ನಿಲ್ಲುತ್ತೆ, ಇಲ್ಲದಿದ್ದರೆ ಅಪ್ಪಯ್ಯ ಗೌಡರನ್ನು ಬಿಡ್ತಿರಲಿಲ್ಲ.

ಅರೆಭಾಷೆ ಅಕ್ಕ
ಆಯ್ತು, ಎರಡನೇ ಭಾಗ ನಮ್ಮದು. ಬರೆದಿಟ್ಟುಕೊಳ್ಳಿ.

ಮುಗಿಲುಪೇಟೆ
ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ತಂದಿದ್ದರಂತೆ. ದುಬಾರೆ ಆನೆ ಶಿಬಿರದಿಂದ ಒಂದು ತರಿಸೋಣ್ವಾ?

ಗದ್ದಿಗೆ ಬೀದಿ
ಮಡಿಕೇರಿ ಕೋಟೆಯೊಳಗೆ ಎರಡು ಕಲ್ಲಾನೆ ಈಗಾಗಲೇ ನಿಂತಿವೆ. ಮೇವೂ ಬೇಡ, ಮಾವುತನೂ ಬೇಡ. ಪುರಾತತ್ವ ಇಲಾಖೆ ಅನುಮತಿ ಮಾತ್ರ ಬೇಕು, ಅದು ಆನೆ ಪಳಗಿಸೋದಕ್ಕಿಂತ ಕಷ್ಟ.

ಲೆಕ್ಕಪತ್ರ, ಕುಶಾಲನಗರ
ಎಲ್ಲರೂ ಹಾಡಿದ್ದಾಯ್ತು, ಈಗ ಮೂಲ ಪ್ರಶ್ನೆಗೆ ಬರೋಣ. ನಾನು ಆಡಿಟರ್ ಕಚೇರಿಯಲ್ಲಿದ್ದೇನೆ.

"ಹಾಕಿದ್ದು ಯಾವಾಗ ವಾಪಸ್ ಬರುತ್ತೆ" ಅಂತ ಕೇಳಿದ ಪ್ಲಾಂಟರಿಗೆ ದಯವಿಟ್ಟು ಯಾವ ತಾರೀಖೂ ಹೇಳಬೇಡಿ. ಊರವರ ಹತ್ತಿರ ಇಷ್ಟು ತಗೊಂಡು ಇಷ್ಟು ಲಾಭ ಸೇರಿಸಿ ಕೊಡ್ತೀವಿ ಅಂತ ಹಣ ಎತ್ತಿದರೆ ಅದು ಠೇವಣಿ ಆಗಿಬಿಡಬಹುದು. ಅನಿಯಂತ್ರಿತ ಠೇವಣಿ ನಿಷೇಧಿಸುವ 2019ರ ಕಾಯ್ದೆ ಬಂದ ಮೇಲೆ ಇದು ಜೈಲಿನ ವಿಷಯ. ನಿಮಗೆ ಬೇಕಾದದ್ದು ದೇಣಿಗೆ ಮತ್ತು ಜಾಹೀರಾತು. ಲಾಭದ ಆಸೆ ತೋರಿಸದೆ ಕೇಳಿ.

ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಲಾಭದಲ್ಲಿ ಸಮಾಜದ ಕೆಲಸಕ್ಕೆ ಇಡಬೇಕಾದ ಪಾಲು, ಅಂತ ಯಾರಾದರೂ ಹೇಳಬಹುದು. ಕಲೆ, ಸಂಸ್ಕೃತಿ ಅದರ ಪಟ್ಟಿಯಲ್ಲಿ ಇದೆ, ನಿಜ. ಆದರೆ ಆ ನಿಯಮ ಅನ್ವಯಿಸೋದು 5 ಕೋಟಿ ನಿವ್ವಳ ಲಾಭ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನೆಟ್‌ವರ್ತ್ ಇರುವ ಕಂಪನಿಗೆ. ಹಣ ಪಡೆಯೋ ಟ್ರಸ್ಟಿಗೆ ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು. ನಿಮ್ಮ ಗುಂಪಿಗೆ ಟ್ರಸ್ಟೇ ಇಲ್ಲ ಅನಿಸುತ್ತೆ. ಈ ವರ್ಷಕ್ಕೆ ಅದನ್ನು ಮರೆತುಬಿಡಿ.

ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ರಸೀದಿ ಕೊಡ್ತೀವಿ ಅಂದರೆ ಪ್ಲಾಂಟರ್ ಓಡಿ ಬರ್ತಾರೆ ಅಂತಲೂ ತಿಳ್ಕೋಬೇಡಿ. ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಹದಗೊಳಿಸೋದು) ಮಾಡದೆ ಹಾಗೇ ಮಾರುವ ಬೆಳೆಗಾರನಿಗೆ ಅದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ಏನು ಉಳಿಸ್ತಾನೆ? ಹೊಸ ತೆರಿಗೆ ಪದ್ಧತಿಗೆ ಹೋದ ಸಂಬಳದವರಿಗೂ 80ಜಿ ಸಿಗಲ್ಲ.

ಒಂದು ಒಳ್ಳೆ ಸುದ್ದಿ: ನಾಟಕದ ಟಿಕೆಟ್ 500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ. 499 ಅಂತ ಬರೆದು ಅಂಗಡಿ ಥರ ಕಾಣಿಸಬೇಡಿ, 300 ಇಡಿ.

ತೋಟದಾಚೆ, ಸಿದ್ದಾಪುರ
ಲೆಕ್ಕಪತ್ರದವರು ಬೆಳೆಗಾರನ ಹೊಟ್ಟೆಯೊಳಗೆ ಹೊಕ್ಕು ಬಂದ ಹಾಗೆ ಬರೆದಿದ್ದಾರೆ. ನಾನೂ ಬೆಳೆಗಾರನೇ. ಇಷ್ಟು ಹೊತ್ತು ಕೊಂಕು ಮಾತಾಡಿದ್ದಕ್ಕೆ ಈಗ ಒಂದು ಉಪಯೋಗದ ಮಾತು.

ನೀವು ಹೋದ ಕಾಲ ಸರಿಯಿಲ್ಲ. ಮಳೆಗಾಲದಲ್ಲಿ ನಮ್ಮ ಕೈ ಖಾಲಿ. ಗೊಬ್ಬರ, ಮರಕಸಿ, ಆಳಿನ ಸಂಬಳ ಅಂತ ಹೋಗ್ತಾನೇ ಇರುತ್ತೆ. ಪುತ್ತರಿ ಸುಗ್ಗಿಹಬ್ಬ ಕಳೆದು ಅರೇಬಿಕಾ ಕೊಯ್ದು, ಆಮೇಲೆ ರೋಬಸ್ಟಾ ಕಣದಲ್ಲಿ ಒಣಗಿ, ಚೀಲ ತುಂಬಿ ಮಾರಿದ ಮೇಲೆ ಬನ್ನಿ. ಫೆಬ್ರವರಿ, ಮಾರ್ಚ್. ಆಗ ನನ್ನ ಹತ್ತಿರ 14 ಲಕ್ಷದ ಮಾತು ಎತ್ತಬೇಡಿ. "ಒಂದು ಚೀಲ ಚೆರಿ ಕೊಡಿ" ಅನ್ನಿ. ಅಂದರೆ 50 ಕಿಲೋ ಒಣಗಿದ ಕಾಫಿ ಹಣ್ಣು. ನೋಟು ಎಣಿಸಿ ಕೊಡೋಕೆ ಕೈ ತಡೆಯುತ್ತೆ, ಕಣದಲ್ಲಿ ಇರೋ ಚೀಲಕ್ಕೆ ಅಷ್ಟು ತಡೆಯಲ್ಲ. ದೇವಸ್ಥಾನಕ್ಕೆ ಭತ್ತ ಕೊಟ್ಟು ಅಭ್ಯಾಸ ಇರೋರು ನಾವು.

ಲೆಕ್ಕಪತ್ರ, ಕುಶಾಲನಗರ
ಚೀಲಕ್ಕೂ ರಸೀದಿ ಬರೀಬೇಕು! ಅದನ್ನು ಮಾರಿದ ಬಿಲ್ಲೂ ಬೇಕು. ಆದರೆ ಐಡಿಯಾ ಚೆನ್ನಾಗಿದೆ.

ಕಾಫಿಹೂ
ಈ ಸಲ ಚೆರಿ ರೇಟು ಎಷ್ಟಾಗಬಹುದು ಅಂತೀರಾ?

ತೋಟದಾಚೆ, ಸಿದ್ದಾಪುರ
ಅದು ಗೊತ್ತಿದ್ದರೆ ನಾನೇ ಪೂರ್ತಿ ನಾಟಕ ಹಾಕಿಸ್ತಿದ್ದೆ.

ಹಾಕಿ ಮಾವ
ಹಣದ ದಾರಿ ಕೊಡಗಿನಲ್ಲಿ ಆಗಲೇ ಇದೆ, ನೀವು ನೋಡ್ತಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಒಂದೊಂದು ವರ್ಷ ಒಂದೊಂದು ಒಕ್ಕ (ಮನೆತನ) ಹೊಣೆ ಹೊತ್ತುಕೊಳ್ತದೆ. ಈಗ ಮುನ್ನೂರಕ್ಕೂ ಹೆಚ್ಚು ತಂಡ ಸೇರೋದೂ ಉಂಟು. ಅಷ್ಟು ದೊಡ್ಡ ಹಬ್ಬ ನಡೀತಿರೋದು ಒಬ್ಬ ಧಣಿಯಿಂದಲ್ಲ. ನಮ್ಮ ಒಕ್ಕದ ಹೆಸರಲ್ಲಿ ನಡೀತಿದೆ ಅಂದರೆ ಬೆಂಗಳೂರು, ದುಬೈಯಲ್ಲಿರೋ ಹುಡುಗರೂ ಕಳಿಸ್ತಾರೆ.

ನಾಟಕಕ್ಕೂ ಹಾಗೇ ಮಾಡಿ. ವಿರಾಜಪೇಟೆ ಪ್ರದರ್ಶನ ಒಂದು ಒಕ್ಕದ್ದು, ಗೋಣಿಕೊಪ್ಪದ್ದು ಇನ್ನೊಂದರದ್ದು, ಸೋಮವಾರಪೇಟೆಯದ್ದು ಅಲ್ಲಿನ ಒಂದು ಸಂಘದ್ದು. ಆ ಊರಿನ ಊಟ, ಸಭಾಂಗಣ, ವಸತಿ ಅವರದ್ದು. 14 ಲಕ್ಷ ಅಂದರೆ ಬೆಟ್ಟ. ಆರು ಪಾಲು ಮಾಡಿದರೆ ಒಂದು ಮದುವೆಯ ಖರ್ಚೂ ಆಗಲ್ಲ.

ನಾಡಮಂದ್
ಹಣ ಕೊಟ್ಟ ಒಕ್ಕದವರು "ನಮ್ಮ ಪೂರ್ವಿಕನ ಪಾತ್ರ ಇಲ್ಲ, ಸೇರಿಸಿ" ಅಂದರೆ? ಅದನ್ನೂ ಯೋಚಿಸಿ.

ಹಾಕಿ ಮಾವ
ಅಂದೇ ಅಂತಾರೆ. ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಪೋಸ್ಟರಿನಲ್ಲಿ ಹೆಸರು ಹಾಕ್ತೀವಿ, ಕಥೆಗೆ ಕೈ ಹಾಕೋ ಹಾಗಿಲ್ಲ ಅಂತ.

ಕರಿಕೋಟು, ಪೊನ್ನಂಪೇಟೆ
ಆ ಕಾಗದ ನಾನು ಬರೆದು ಕೊಡ್ತೀನಿ, ಫೀಸು ಬೇಡ. ಎರಡು ಮುಂದಿನ ಸೀಟು ಸಾಕು. ಹೊರಾಂಗಣದಲ್ಲಿ ಆಡೋದಾದ್ರೆ ರಾತ್ರಿ ಹತ್ತಕ್ಕೆ ಮೈಕು ಬಂದ್, ನೆನಪಿರಲಿ. ಒಂಬತ್ತು ಗಂಟೆಯ ನಾಟಕದ ಕನಸು ಕಾಣಬೇಡಿ.

ರಂಗಮಂಜು, ಮಡಿಕೇರಿ
ಇಷ್ಟು ಜನ ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ರಾತ್ರಿ ನಮ್ಮವರೆಲ್ಲ ಕೂತು ಓದಿದೆವು. ಮಾಸ್ತಿಯವರ ವಾರಸುದಾರರಿಗೆ ಪತ್ರ ಈ ವಾರವೇ ಹೋಗುತ್ತೆ. ಒಪ್ಪಿಗೆ ಬರೋವರೆಗೆ ಯಾರ ಹತ್ತಿರವೂ ಒಂದು ರೂಪಾಯಿ ಕೇಳಲ್ಲ. ಒಪ್ಪಿಗೆ ಬರದಿದ್ದರೆ ಕಾದಂಬರಿ ಬಿಟ್ಟು ಇತಿಹಾಸದಿಂದಲೇ ಹೊಸದಾಗಿ ಬರೀಬೇಕು ಅಂತ ಇಬ್ಬರು, ಬೇರೆ ಕಾದಂಬರಿ ಹುಡುಕಬೇಕು ಅಂತ ಮೂವರು. ಆ ಜಗಳ ಇನ್ನೂ ಮುಗಿದಿಲ್ಲ.

ಗದ್ದಿಗೆ ಬೀದಿ
ಇತಿಹಾಸ ಯಾರ ಆಸ್ತಿಯೂ ಅಲ್ಲ, ಸರಿ. ಆದರೆ ಕಾದಂಬರಿ ಓದಿ ತಲೆಯಲ್ಲಿ ಕೂತಿರೋ ಬಸವನನ್ನು ಹೊರಗೆ ಕಳಿಸೋದು ಸುಲಭ ಅಲ್ಲ. ಗೊತ್ತಿಲ್ಲದೆ ಮಾಸ್ತಿಯವರದ್ದೇ ಬರೆದಿರ್ತೀರಿ. ನನ್ನ ಓಟು ಕಾಯೋದಕ್ಕೆ.

ಬೆಂಗಳೂರಲ್ಲಿರೋ ಕೊಡಗು ಹುಡುಗ
ಕಾಯುವಾಗ ಸುಮ್ನೆ ಕೂರಬೇಡಿ. ಮೇಳದ ಹಾಡುಗಳಿಗೆ ಯಾರ ಹಕ್ಕೂ ಅಡ್ಡ ಬರಲ್ಲ. ದುಡಿಯವರನ್ನು ಕರೆಸಿ ಅದನ್ನು ಶುರು ಮಾಡಿ. ಪುತ್ತರಿಗೆ ನಾನು ಊರಿಗೆ ಬರ್ತೀನಿ, ರೆಕಾರ್ಡ್ ಮಾಡೋ ಸಾಮಾನು ನನ್ನ ಹತ್ತಿರ ಇದೆ.

ದುಡಿಕೊಟ್ಟ್, ನಾಪೋಕ್ಲು
ನಾವು ನಾಲ್ಕು ಜನ ಬರ್ತೀವಿ. ಜೀಪಿನ ಡೀಸೆಲ್ ಹಾಕಿಸಿ. ಎಲ್ಲಿಗೆ ಬರಬೇಕು?

ರಂಗಮಂಜು, ಮಡಿಕೇರಿ
ಜಾಗ ಇನ್ನೂ ಆಗಿಲ್ಲ. ಒಂದು ಸಭಾಂಗಣ ಪುಕ್ಕಟೆ ಸಿಗೋ ಹಾಗಿದೆ, ಆದರೆ ಜಿಂಕ್ ಶೀಟಿಂದು.

ಹಾರ್ಮೋನಿಯಂ ಅಜ್ಜ
ಬೇಡ. ನಮ್ಮ ಮನೆ ಹಜಾರಕ್ಕೆ ಬನ್ನಿ, ಹೆಂಚಿನ ಮನೆ. ರಾಜನ ಪಾರ್ಟಿನವನು ಯಾವ ಶ್ರುತಿಗೆ ಹಾಡ್ತಾನೆ ಅಂತ ಮೊದಲೇ ತಿಳಿಸಿ.